ಗುರೆಳ್ಳು ಬೀದರಿಗೆ ಹೋದದ್ದು

ಬೆಕ್ಕು ತನ್ನ ಮರಿಗೆ ಏಳು ಮನೆ ತೋರಿಸುತ್ತದೆ ಅಂತ ನಮ್ಮ ಕಡೆ ಮಾತಿದೆ. ನಮ್ಮ ಇಲಾಖೆಯೂ ಒಂದು ತಾಯಿಬೆಕ್ಕೇ. 16 ವರ್ಷ ಶಹಾಪುರ, ಗುರುಮಠಕಲ್ ಅಂತ ಯಾದಗಿರಿಯ ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬಂದು ನೌಕರಿ ಮಾಡಿಕೊಂಡಿದ್ದವಳನ್ನು ಈ ಜೂನ್‌ನಲ್ಲಿ ಕತ್ತು ಕಚ್ಚಿ ಎತ್ತಿ ಬೀದರಿಗೆ ಒಯ್ದಿಟ್ಟಿತು. ನನ್ನ ಹಿಂದೆ ಅವ್ವ, 72 ವರ್ಷ. ಅವ್ವನ ಹಿಂದೆ ಗುರೆಳ್ಳು, 4 ವರ್ಷ.

ಗುರೆಳ್ಳು ನಮ್ಮ ಬೆಕ್ಕು. ಮೂಗಿನಿಂದ ಬಾಲದ ತುದಿಯವರೆಗೆ ಗುರೆಳ್ಳು ಹಿಂಡಿಯ (ಹುಚ್ಚೆಳ್ಳು ಚಟ್ನಿಪುಡಿಯ) ಕಪ್ಪು ಬಣ್ಣ, ಗದ್ದದ ಕೆಳಗೆ ಮಾತ್ರ ಉಪ್ಪಿನ ಹರಳಿನಷ್ಟು ಬಿಳಿ. ಖುಷಿಯಾದಾಗ ಗುರ್ ಗುರ್ ಅನ್ನುವುದರಿಂದ ಹೆಸರು ಎರಡೂ ಕಡೆಯಿಂದ ಹೊಂದಿಕೊಂಡಿತು.

ಲಾರಿ, ಕೂಲಿ, ಹಗ್ಗ ಎಲ್ಲ ಮಾವನ ಮಗ ನೋಡಿಕೊಂಡ. ಬೆಕ್ಕಿನ ಪಾಲು ನನ್ನದು. ಓಣಿಯಲ್ಲಿ ಪ್ರತಿಯೊಬ್ಬರೂ ಹೇಳಿದ್ದು ಒಂದೇ: ಗೋಣಿಚೀಲದಲ್ಲಿ ಹಾಕಿ ಬಾಯಿ ಕಟ್ಟು, ದಾರಿ ಕಾಣಬಾರದು, ಕಂಡರೆ ತಿರುಗಿ ಬರುತ್ತದೆ. ಅವ್ವನ ತವರಿನಲ್ಲಿ ಹಾಗೆ ಚೀಲದಲ್ಲಿ ಒಯ್ದು ಬಿಟ್ಟ ಬೆಕ್ಕು ಮೂರನೇ ದಿನ ಒಲೆಯ ಮುಂದೆ ಕೂತಿತ್ತಂತೆ. ಅಂದ ಮೇಲೆ ಚೀಲದಿಂದ ಏನು ಉಪಯೋಗವಾಯಿತು ಅಂತ ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ.

ಪಶು ಆಸ್ಪತ್ರೆಯಲ್ಲಿ ಎಮ್ಮೆ, ಕುರಿಗಳ ಸಾಲಿನಲ್ಲಿ ನಾನೊಬ್ಬಳೇ ಬೆಕ್ಕಿನವಳು. ಡಾಕ್ಟರು ಹುಚ್ಚುನಾಯಿ ರೋಗದ ಲಸಿಕೆ ಹಾಕಿ, ಬೆಕ್ಕನ್ನು ಒಯ್ಯುವ ಕ್ಯಾರಿಯರ್ ಪೆಟ್ಟಿಗೆ ಈಗಲೇ ತಂದು ಮನೆಯ ನಡುವೆ ಬಾಗಿಲು ತೆಗೆದಿಡಿ ಅಂದರು. ಹೊರಡುವ ದಿನ ಮಾತ್ರ ಕಣ್ಣಿಗೆ ಬಿದ್ದರೆ ಅದು ಬೆಕ್ಕಿಗೆ ಜೈಲು. ಹತ್ತು-ಹನ್ನೆರಡು ದಿನ ಮೊದಲೇ ಬಂದರೆ ಅದೂ ಒಂದು ಮೂಲೆ. ದಾರಿಯಲ್ಲಿ ಮಲಗಲು ಗುಳಿಗೆ ಕೇಳಿದೆ. ಈ ಸೆಕೆಯಲ್ಲಿ ಬೇಡ, ಕೆಲವು ಮತ್ತಿನ ಔಷಧಿ ಬಿದ್ದರೆ ಮೈ ತನ್ನ ಕಾವು ತಾನು ಸಂಭಾಳಿಸಿಕೊಳ್ಳುವುದಿಲ್ಲ ಅಂದರು. ಕೊನೆಗೆ ಒಂದು ಮಾತು ಸೇರಿಸಿದರು: ಅದು ಮಲಗುವ ಹಾಸಿಗೆ ತೊಳೆಯಬೇಡಿ. ಹೊಸ ಮನೆಯಲ್ಲಿ ಅದಕ್ಕೆ ಗುರುತಿರುವ ವಾಸನೆ ಅಂದರೆ ಅದೊಂದೇ.

ಜಗಳ ಶುರುವಾದದ್ದು ಇಲ್ಲಿ. ಗುರೆಳ್ಳು ಮಲಗುತ್ತಿದ್ದದ್ದು ಅವ್ವನ ಕೌದಿಯ ಮೇಲೆ. ಅವ್ವ ತನ್ನ ಅಮ್ಮನ, ಅಕ್ಕನ, ಸತ್ತುಹೋದ ಅತ್ತೆಯ ಸೀರೆಗಳನ್ನೆಲ್ಲ ಕೂಡಿಸಿ ಹೊಲಿದ ಕೌದಿ. "ಹೊಲಸು ಕೌದಿ ಹೊತಗೊಂಡು ಹೊಸ ಮನಿಗಿ ಹೋಗ್ತಾರೇನು? ಮಂದಿ ಏನಂದಾರು?" ಅಂತ ಅವ್ವ ಎರಡು ಸಲ ಬಕೆಟ್ಟಿಗೆ ಹಾಕಿದಳು, ಎರಡು ಸಲ ನೀರು ಬಿಡುವ ಮೊದಲೇ ನಾನು ತೆಗೆದೆ. ಬೀದರಿಗೆ ಕಾಲಿಟ್ಟ ದಿನವೇ ತೊಳೆಯುತ್ತೇನೆ ಅಂತ ಹೇಳಿ ಸುಮ್ಮನಾದಳು.

ಮಂಗಳವಾರ

ಬುಧವಾರ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಹೊರಡುವಂತಿಲ್ಲ, ಹೊಸ ಮನೆ ಹೊಗುವಂತಿಲ್ಲ. ಹಾಗಾಗಿ ಮಂಗಳವಾರವೇ ಕಲಬುರಗಿಯ ಚಿಕ್ಕವ್ವನ ಮನೆ ಸೇರಿ, ಅಮಾವಾಸ್ಯೆ ಅಲ್ಲಿ ಕಳೆದು, ಗುರುವಾರ ಬೀದರ್. ಸಾಮಾನಿನ ಲಾರಿ ಗುರುವಾರ ನೇರ ಬರುವುದು. ಕಾಗದದ ಮೇಲೆ ಚೆನ್ನಾಗಿಯೇ ಇತ್ತು.

ಬೆಳಗಿನ 5 ಗಂಟೆಗೆ ಬೆಕ್ಕಿಲ್ಲ. ಕೋಟೆ ಗುಡ್ಡದ ಕಡೆ ಹೋಗಿ ಟಾರ್ಚ್ ಹಾಕಿದೆ, ಹಿತ್ತಲಿನ ಬಚ್ಚಲು ನೋಡಿದೆ, ಪಕ್ಕದವರ ಮಾಳಿಗೆ ಹತ್ತಿದೆ. ಕಾರು ಬಂದು ನಿಂತು ಅರ್ಧ ತಾಸಾಯಿತು. ಕೊನೆಗೆ ಪಡಸಾಲೆಯಲ್ಲಿ ಸುತ್ತಿ ಕಟ್ಟಿಟ್ಟಿದ್ದ ಗಾದಿಯೊಂದು ತಾನಾಗಿ ಉಸಿರಾಡುವುದನ್ನು ಅವ್ವ ಕಂಡಳು. ಹಗ್ಗ ಬಿಚ್ಚಿದರೆ ನಡುವೆ ಎರಡು ಹಳದಿ ಕಣ್ಣು. ಮಾವನ ಮಗನ ಮೊಣಕೈಯಿಂದ ಮಣಿಕಟ್ಟಿನವರೆಗೆ ಗೆರೆ ಬಿತ್ತು. ಮನೆ ಬಿಡುವವರು ಇಷ್ಟನ್ನು ನೆನಪಿಡಿ: ಕೂಲಿಯವರು ಬರುವ ಮೊದಲೇ ಬೆಕ್ಕನ್ನು ಖಾಲಿ ಕೋಣೆಯಲ್ಲಿಟ್ಟು ಚಿಲಕ ಹಾಕಿ. ನಾನು ಹಾಕಿರಲಿಲ್ಲ.

ಅವ್ವ ಆ ಮನೆಯಲ್ಲಿ 31 ವರ್ಷ ಇದ್ದಳು. ಹೊಸ್ತಿಲಿಗೆ ಅರಿಶಿನ ಹಚ್ಚಿ, ಬೀಗ ಹಾಕಿ, ಹಿಂದೆ ನೋಡದೆ ಬಂದು ಕಾರಿನಲ್ಲಿ ಕೂತಳು. ಅಳು ಬರುತ್ತದೆ ಅಂತ ನಾನು ಕಾಯುತ್ತಿದ್ದೆ. ಅತ್ತದ್ದು ಗುರೆಳ್ಳು. ಮ್ಯಾಂವ್ ಅಲ್ಲ, ಹಡೆಯುವ ಹೆಂಗಸಿನ ದನಿ.

ಡ್ರೈವರ್ ಕನ್ನಡಿಯಲ್ಲಿ ನೋಡಿದ. "ಯಕ್ಕಾ, ಕರಿ ಬೆಕ್ಕ ಅಡ್ಡ ಬಂದ್ರ ನಾವ್ ಗಾಡಿ ನಿಲ್ಲಸ್ತೀವ್ರಿ. ಇದು ಒಳಗೇ ಕೂತದಲ್ಲ, ಈಗ ಏನ್ ಮಾಡ್ಬೇಕು?"

"ಒಳಗ ಕೂತದ್ದು ಹೆಂಗ ಅಡ್ಡ ಬರ್ತದೋ ತಮ್ಮಾ?" ಅಂದಳು ಅವ್ವ. "ಅದು ನಿನ್ನ ಸಂಗಟೇ ಹೊಂಟದ."

ಅವನು ಈ ತರ್ಕವನ್ನು ಒಂದು ಕಿಲೋಮೀಟರ್ ಅಗಿದು, ಸರಿಯೆಂದು ನುಂಗಿ, ಹಾಡು ಹಾಕಿದ. ಹಾಡು ಕೇಳಿ ಗುರೆಳ್ಳು ಇನ್ನಷ್ಟು ಕಿರುಚಿತು. ತೆಳು ಟವೆಲ್ಲೊಂದನ್ನು ಕ್ಯಾರಿಯರಿನ ಮೂರು ಮಗ್ಗುಲಿಗೆ ಇಳಿಬಿಟ್ಟು ಒಂದು ಕಡೆ ಗಾಳಿಗೆ ಬಿಟ್ಟ ಮೇಲೆ ದನಿ ಇಳಿಯಿತು. ಕಣ್ಣೆದುರು ಗಿಡಮರ ಓಡುವುದೇ ಅದಕ್ಕೆ ಹೆದರಿಕೆ. ಗೋಣಿಚೀಲದವರ ಮಾತಿನಲ್ಲಿ ಅಷ್ಟು ಮಾತ್ರ ಸತ್ಯವಿತ್ತು ಅನ್ನಬಹುದು.

ಸೇಡಂ ಕಡೆಯ ರಸ್ತೆ. ಮಿರಗದ (ಮೃಗಶಿರಾ) ಮಳೆ ಕೈಕೊಟ್ಟು ಆರಿದ್ರದಲ್ಲಿ ಒಂದೆರಡು ಹದ ಮಳೆ ಬಿದ್ದಿತ್ತು. ಎರಿ ಹೊಲಗಳಲ್ಲಿ ತೊಗರಿ, ಹೆಸರು ಬಿತ್ತುವ ಕೂರಿಗೆಗಳು. ನೆಲ ಗುರೆಳ್ಳಿನ ಬಣ್ಣವೇ. ಸೇಡಂನಲ್ಲಿ ಸುಸಲಾ ಮತ್ತು ಮಿರ್ಚಿ ಭಜಿಗೆ ನಿಂತೆವು. ಒಗ್ಗರಣೆಯಲ್ಲಿ ನೆಂದ ಚುರಮುರಿಯ ಮೇಲೆ ಪುಠಾಣಿ ಪುಡಿ ಉದುರಿಸಿ, ಉದ್ದನೆಯ ಭಜಿ ಸುಡುಸುಡುತ್ತ ಪಕ್ಕಕ್ಕಿಟ್ಟರು. ಒಬ್ಬೊಬ್ಬರಾಗಿ ಇಳಿದು ತಿಂದೆವು. ಬೆಕ್ಕನ್ನು ಮುಚ್ಚಿದ ಕಾರಿನಲ್ಲಿ ಬಿಟ್ಟು ಎಲ್ಲರೂ ಇಳಿಯುವುದು ನಮ್ಮ ಬಿಸಿಲಿನಲ್ಲಿ ಕೊಲೆ ಮಾಡಿದಂತೆ. ಗುರೆಳ್ಳಿಗೆ ಹೊರಡುವ 4 ತಾಸು ಮೊದಲೇ ಊಟ ಬಂದ್. ಅದು ಭಜಿಯ ವಾಸನೆಗೆ ಒಂದು ಸಲ ತಲೆ ಎತ್ತಿ ಮಲಗಿತು.

ಮಳಖೇಡ ಹತ್ತಿರ ಬಂದಾಗ ಕಾರಿನೊಳಗೆ ವಾಸನೆ. ಡ್ರೈವರ್ ನನ್ನ ಮುಖ ನೋಡಿದ, ನಾನು ಅವ್ವನ ಮುಖ ನೋಡಿದೆ, ಅವ್ವ ಕ್ಯಾರಿಯರ್ ನೋಡಿದಳು. ಕೌದಿಯನ್ನು ಕಾರಿನ ಹಿಂದಿಟ್ಟು ಕ್ಯಾರಿಯರಿಗೆ ಪೇಪರ್ ಹಾಸಿದ್ದೆ, ಬದುಕಿದೆ. ಕಾಗಿಣಾ ಸೇತುವೆಯಿಂದ ಸ್ವಲ್ಪ ದೂರದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಗಾಜು ಏರಿಸಿ, ಬಾಗಿಲು ಲಾಕ್ ಮಾಡಿಯೇ ಕ್ಯಾರಿಯರ್ ತೆರೆದೆ. ದಾರಿ ಮಧ್ಯೆ ಬಯಲಿನಲ್ಲಿ ತೆರೆದವರ ಬೆಕ್ಕು ದಾರಿ ಮಧ್ಯದ್ದೇ ಆಗಿ ಉಳಿಯುತ್ತದೆ. ಒದ್ದೆ ಪೇಪರ್ ಚೀಲಕ್ಕೆ ತುರುಕಿ ಹೊರಗೆ ಬಂದಾಗ ಆಡು ಕಾಯುವ ಮುದುಕರೊಬ್ಬರು ಕೋಲಿಗೆ ಗದ್ದ ಊರಿ ನಿಂತಿದ್ದರು.

"ರಾಜರ ಊರಾಗ ಏನ್ ತೊಳಿಲತ್ತೀರಿ?"

ಬೆಕ್ಕು ಅಂದೆ. ಬೀದರಿಗೆ ಮನೆ ಬದಲಾಯಿಸುತ್ತಿದ್ದೇವೆ ಅಂದೆ. ಅವರು ಗಾಜಿಗೆ ಕೈ ಅಡ್ಡ ಹಿಡಿದು ಒಳಗೆ ಇಣುಕಿದರು. "ಆನಿ ಕುದ್ರಿ ಕಟ್ಟಿದ ಜಾಗ ಇದು. ಬೆಕ್ಕಿಗಿ ಕಾರ್ ಮಾಡ್ಕೊಂಡು ಬಂದವರ್ನ ಇವತ್ತೇ ನೋಡಿದ್ದು." ಅಮೋಘವರ್ಷನ ರಾಜಧಾನಿ ಮಾನ್ಯಖೇಟ, 9ನೇ ಶತಮಾನದಲ್ಲಿ ರಾಷ್ಟ್ರಕೂಟರ ರಾಜ್ಯ ನಡೆದದ್ದು ಇಲ್ಲಿಂದ. ಈಗ ಕಾಣುವುದು ಕೋಟೆಯ ಮುರುಕು ಗೋಡೆ, ಸಿಮೆಂಟ್ ಲಾರಿಗಳ ಸಾಲು, ಎಲೆಗಳ ಮೇಲೆ ಬೂದು ಪುಡಿ. ಮುದುಕರು ಅವ್ವನನ್ನು ನೋಡಿ, "ಮುದುಕೀಗಿ ಹೊಸ ನೀರು ಲಗೂನ ಹಿಡಿಯಂಗಿಲ್ಲ, ಬೆಕ್ಕಿಗಿ ಹಿಡಿತದ," ಅಂದರು. ಅವ್ವ ಗಾಜು ಏರಿಸಿದಳು.

ಮಧ್ಯಾಹ್ನ ಕಲಬುರಗಿ ತಲುಪಿದಾಗ ಮೋಡ ಹರಿದು ಬಿಸಿಲು ಕಾಯುತ್ತಿತ್ತು. ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಟ್ಟರೆ ಕಾವು ಏರಿದೆ ಅಂತ ಲೆಕ್ಕ, ತಡ ಮಾಡಬಾರದು. ನಾನು ಐದೈದು ನಿಮಿಷಕ್ಕೆ ಬಗ್ಗಿ ಬಾಯಿ ನೋಡಿ ನೋಡಿ ನನ್ನ ಕತ್ತೇ ಹಿಡಿದುಕೊಂಡಿತು. ಗುರೆಳ್ಳಿನ ಬಾಯಿ ಕೊನೆಯವರೆಗೂ ಮುಚ್ಚಿಯೇ ಇತ್ತು, ಕಿರುಚುವಾಗ ಬಿಟ್ಟು.

ಬುಧವಾರ

ಚಿಕ್ಕವ್ವನ ಮನೆ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ಗುರೆಳ್ಳಿಗೆ ಹಿಂದಿನ ಸಾಮಾನು ಕೋಣೆ ಕೊಟ್ಟರು. ಯಾದಗಿರಿಯ ಹಿತ್ತಲಿನಿಂದ ಅದರದೇ ಮರಳನ್ನು ಅರ್ಧ ಬಕೆಟ್ ತಂದಿದ್ದೆ. ಸಂಬಂಧಿಕರ ಮನೆಗೆ ಬೆಕ್ಕಿನ ಪಾಯಖಾನೆ ಹೊತ್ತು ಬಂದವಳು ಅಂತ ಮಕ್ಕಳು ನಕ್ಕರು, ಆದರೆ ಬೆಕ್ಕು ಬಂದ ತಾಸಿನಲ್ಲೇ ಅದನ್ನು ಗುರುತು ಹಿಡಿದು ಕೆರೆಯಿತು. ರಾತ್ರಿ ಮೊಟ್ಟೆ ತಿಂದಿತು.

ಬೆಳಿಗ್ಗೆ ಮೊಮ್ಮಕ್ಕಳು ಎರಿ ಮಣ್ಣು ಕಲಸಿ ಜೋಡಿ ಎತ್ತು ಮಾಡಿದರು, ಮುಂದೊಂದು ಗೋದಲಿ. ಕೊಂಬಿಗೆ ಕಡ್ಡಿ, ಕಣ್ಣಿಗೆ ಜೋಳದ ಕಾಳು. ಜಗಲಿಯ ಮೇಲಿಟ್ಟು ಪೂಜೆ ಮಾಡಿ, ನೈವೇದ್ಯಕ್ಕೆ ಚಿಕ್ಕವ್ವ ಹೋಳಿಗೆ ತರಲು ಒಳಗೆ ಹೋದಳು. ಸಣ್ಣವನಿಗೆ ಬೆಕ್ಕಿಗೂ ಎತ್ತು ತೋರಿಸುವ ಮನಸ್ಸಾಗಿ ಸಾಮಾನು ಕೋಣೆಯ ಚಿಲಕ ತೆಗೆದ.

ಮುಂದಿನದು ನಾನು ಪೂರ್ತಿ ನೋಡಲಿಲ್ಲ. ಒಂದು ಕರಿ ಗೆರೆ ಪಡಸಾಲೆ ದಾಟಿತು. ಜಗಲಿ ಹತ್ತಿತು. ಗಂಟೆ ಉರುಳಿತು. ಚಿಕ್ಕವ್ವ ಹೋಳಿಗೆ ತಾಟು ಹಿಡಿದು ಬರುವ ಹೊತ್ತಿಗೆ, ಅಮಾವಾಸ್ಯೆಯ ದಿನ, ದೇವರ ಜಗಲಿಯ ಮೇಲೆ, ಮೈ ಉಬ್ಬಿಸಿಕೊಂಡ ಕರಿ ಬೆಕ್ಕು. ಎಡಗಡೆಯ ಎತ್ತಿಗೆ ಒಂದು ಕೊಂಬಿಲ್ಲ.

ಯಾರೂ ಉಸಿರು ಬಿಡಲಿಲ್ಲ. ಚಿಕ್ಕವ್ವ ಸೋಮವಾರ ಉಪವಾಸ ಮಾಡುವವಳು, ಬಲಗಾಲು ಮೊದಲಿಡದೆ ಮನೆಯೊಳಗೆ ಬಾರದವಳು. ತಾಟು ಕೆಳಗಿಟ್ಟಳು. ಬಿದ್ದ ಕೊಂಬು ಎತ್ತಿಕೊಂಡು, ಹೆಬ್ಬೆರಳು ನೀರಿಗೆ ಅದ್ದಿ ಮೆತ್ತಿ ಕೂರಿಸಿದಳು. "ಹಸಿ ಮಣ್ಣದ, ಮುರದ್ರ ಏನಾತು? ಒಣಗಿದ್ ಮ್ಯಾಲ ಮುರದ್ರ ಚಿಂತಿ ಮಾಡ್ಬೇಕು." ಆಮೇಲೆ ಬೆಕ್ಕಿನ ಕಡೆ ತಿರುಗಿ, "ಇಳಿಯವ್ವ, ಹೋಳಿಗಿ ನಿನಗಲ್ಲ," ಅಂದಳು. ಎತ್ತಿಕೊಳ್ಳಲು ಹೋಗಬೇಡಿ ಅಂತ ನಾನು ಎಲ್ಲರನ್ನೂ ಹೊರಗೆ ಕಳಿಸಿ, ಕ್ಯಾರಿಯರಿನಲ್ಲಿ ಕೌದಿಯ ಒಂದು ತುದಿ ತೂರಿಸಿ ಮುಂದಿಟ್ಟೆ. ಕಾಲು ತಾಸಿನ ಮೇಲೆ ತಾನೇ ಇಳಿದು ಒಳಗೆ ಹೋಯಿತು.

ಸಂಜೆ ಮಾಳಿಗೆಯ ಮೇಲೆ ಅವ್ವ, ಚಿಕ್ಕವ್ವ ಕಾಲು ಚಾಚಿ ಕೂತಿದ್ದರು. ಗುಡಿಯ ಗಂಟೆ, ಅಪ್ಪನ ಕೆರೆ ಕಡೆಯಿಂದ ಗಾಳಿ. ಅವ್ವ ಯಾರಿಗೂ ಅಲ್ಲ ಅನ್ನುವ ಹಾಗೆ, "ನಾ ಇಲ್ಲೇ ಉಳೀತೀನಿ, ಬೆಕ್ಕ ಒಯ್ಯಿ," ಅಂದಳು. ಚಿಕ್ಕವ್ವ ನಕ್ಕಳು. ಅವ್ವ ನಗಲಿಲ್ಲ.

ಗುರುವಾರ

ಬಹಮನಿ ಸುಲ್ತಾನ ಅಹ್ಮದ್ ಷಾ 15ನೇ ಶತಮಾನದಲ್ಲಿ ಕಲಬುರಗಿಯಿಂದ ಬೀದರಿಗೆ ರಾಜಧಾನಿಯನ್ನೇ ಎತ್ತಿಕೊಂಡು ಹೋದ. ಖಜಾನೆ, ಆನೆ, ಜನಾನಾ ಎಲ್ಲ ಹೋಯಿತು. ಬೆಕ್ಕುಗಳೂ ಇದ್ದಿರಬೇಕು, ಬರೆದವರಿಲ್ಲ. ಬೀದರಿನ ಎತ್ತರ, ತಂಪು, ಕೆಂಪು ಮಣ್ಣಿಗೆ ಅವನು ಮನಸೋತ ಅಂತ ಹೇಳುತ್ತಾರೆ. ಕಲಬುರಗಿ ದಾಟಿ ಉತ್ತರಕ್ಕೆ ಹೊರಟ ಯಾರಿಗಾದರೂ ಅದು ಮೈಗೇ ತಿಳಿಯುತ್ತದೆ.

ಬೆಳಿಗ್ಗೆ 6ಕ್ಕೆ ಬಿಟ್ಟೆವು. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಂಡೆವು. ಸಿಪ್ಪೆ ಕುಂಕುಮದ ಕೆಂಪು, ಒಳಗೆ ಕೆನೆ ಬಣ್ಣ, ಒಂದು ತಿಂದರೆ ನಾಷ್ಟಾ ಮುಗಿಯಿತು. ಆ ಊರಿನದೇ ಅಂತ ಭೌಗೋಳಿಕ ಗುರುತು (ಜಿಐ) ಸಿಕ್ಕ ಹಣ್ಣು. ಮಾರುವ ಹೆಣ್ಣುಮಗಳು ಅದನ್ನು ಹೇಳಲಿಲ್ಲ, "ತಿಂದು ರೊಕ್ಕ ಕೊಡ್ರಿ," ಅಂದಳು ಅಷ್ಟೆ. ಗುರೆಳ್ಳು ಈ ಸಲ ಹತ್ತು ನಿಮಿಷ ಅತ್ತು ಬಿಟ್ಟಿತು. ಎರಡನೇ ಸಲಕ್ಕೆ ದಾರಿ ಎಲ್ಲರಿಗೂ ಸಲೀಸು.

ಪುಣೆ–ಹೈದರಾಬಾದ್ ಹೆದ್ದಾರಿ ಅಡ್ಡ ಬರುವ ಹುಮನಾಬಾದಿನಲ್ಲಿ ಕಡಕ್ ಚಹಾ ಕುಡಿಯುವಾಗ ಆಕಾಶ ಒಮ್ಮೆಗೇ ಕಪ್ಪಾಯಿತು. ಮುಂದಿನ ದಾರಿ ಪೂರ್ತಿ ಮಳೆ. ಎರಿ ನೆಲ ಎಲ್ಲಿ ಮುಗಿದು ಕೆಂಪು ನೆಲ ಎಲ್ಲಿ ಶುರುವಾಯಿತೋ ನೋಡಬೇಕೆಂದಿದ್ದೆ. ವೈಪರ್ ಆಚೆ ಕಂಡದ್ದು ರಸ್ತೆ ಬದಿ ಹರಿಯುವ ನೀರಿನ ಬಣ್ಣ ಬದಲಾದದ್ದು ಮಾತ್ರ. ಮೊದಲು ಚಹಾದ ಬಣ್ಣ, ಆಮೇಲೆ ಇಟ್ಟಂಗಿ ಬಣ್ಣ.

ಬೀದರಿನ ಮನೆಯ ಮುಂದೆ ಲಾರಿ ನಿಂತಿತ್ತು. ತಾಡಪತ್ರಿ ಒಂದು ಕಡೆ ಹರಿದು, ಗಾದಿಗಳೆಲ್ಲ ನೀರು ಕುಡಿದು ಸತ್ತ ಎಮ್ಮೆಯಂತೆ ಬಿದ್ದಿದ್ದವು. ಹೊಸ ಮನೆಗೆ ಮೊದಲು ಆಕಳು ಹೊಗಬೇಕು ಅನ್ನುತ್ತಾರೆ. ಬಾಡಿಗೆ ಮನೆಗೆ ಆಕಳು ಎಲ್ಲಿಂದ ತರುವುದು, ದೇವರ ಫೋಟೋ ಆದರೂ ಮೊದಲು ಒಯ್ಯೋಣ ಅಂತ ಅವ್ವ ಚೀಲ ಹುಡುಕುತ್ತಿದ್ದಳು. ಮಳೆ ಹೊಡೆಯುತ್ತಿತ್ತು, ಕ್ಯಾರಿಯರ್ ನನ್ನ ಕೈಯಲ್ಲಿತ್ತು, ಓಡಿದೆ. ಹೊಸ್ತಿಲು ದಾಟಿದ ಮೊದಲ ಜೀವ ಗುರೆಳ್ಳು. ಅವ್ವ ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಂಡಳು.

ಇಡೀ ಮನೆ ಒಮ್ಮೆಗೇ ಬೆಕ್ಕಿಗೆ ಬಿಟ್ಟುಕೊಡಬಾರದು. ಸಣ್ಣ ಕೋಣೆಯೊಂದರಲ್ಲಿ ಮರಳು ಒಂದು ಮೂಲೆಗೆ, ನೀರು ಅದರಿಂದ ದೂರ ಇನ್ನೊಂದು ಮೂಲೆಗೆ, ನಡುವೆ ಕೌದಿ, ಕ್ಯಾರಿಯರಿನ ಬಾಗಿಲು ತೆರೆದು ಬಿಟ್ಟೆ. ಗುರೆಳ್ಳು ಹೊರಗೆ ಬರಲಿಲ್ಲ. ಹಾಲು ಉಕ್ಕಿಸಿದೆವು, ಒಲೆಯ ಮೇಲೆ ಚೆಲ್ಲಿತು, ವಾಸನೆ ಮನೆ ತುಂಬಿತು, ಬೆಕ್ಕಿಗೆ ಬೇಕಾಗಲಿಲ್ಲ. ರಾತ್ರಿ ಮಲಗುವಾಗ ನೋಡಿದರೆ ಇಡೀ ಮನೆಯಲ್ಲಿ ಒಣಗಿದ ಹಾಸಿಗೆ ಅಂತ ಉಳಿದದ್ದು ಒಂದೇ: ಕಾರಿನಲ್ಲಿ ಬಂದಿದ್ದ ಕೌದಿ. ನಾನು ಸೀರೆಗಳನ್ನು ಹಾಸಿಕೊಂಡೆ. ಅವ್ವ ಏನೂ ಅನ್ನದೆ ಬೆಕ್ಕಿನ ಕೋಣೆಗೆ ಹೋಗಿ, ತೊಳೆಯದ ಕೌದಿಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದಳು.

ಶುಕ್ರವಾರ

ಮಳೆ ಬಿಟ್ಟು ಚೊಕ್ಕ ಬಿಸಿಲು. ಬೆಳಿಗ್ಗೆ ಆಕಾಶವೇ ಹರಿದುಬಿದ್ದ ಹಾಗೆ ಸಪ್ಪಳ. ನಾನು ಪಾತ್ರೆ ಕೈಬಿಟ್ಟೆ. ಬೀದರಿನಲ್ಲಿ ವಾಯುಪಡೆಯ ನೆಲೆ ಇರುವುದು, ಪೈಲಟ್‌ಗಳಿಗೆ ಹಾಕ್ ಜೆಟ್‌ಗಳಲ್ಲಿ ತರಬೇತಿ ಕೊಡುವುದು, ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ ವಿಮಾನ ತಂಡ ಇಲ್ಲಿಯದೇ ಅನ್ನುವುದು ಎಲ್ಲ ನನಗೆ ಗೊತ್ತಿತ್ತು. ಬೆಕ್ಕಿಗೆ ಹೇಳಿರಲಿಲ್ಲ. ಮನುಷ್ಯನ ಕಿವಿ 20 ಸಾವಿರ ಹರ್ಟ್ಸ್‌ಗೆ ನಿಂತರೆ ಬೆಕ್ಕಿನದು 60 ಸಾವಿರ ದಾಟುತ್ತದೆ. ನಮಗೆ ಅಷ್ಟು ಕೇಳಿಸಿದರೆ ಅದಕ್ಕೆ ಏನೇನು ಕೇಳಿಸಿತೋ.

ಮನೆ ಮಾಲಕರ ಹೆಂಡತಿ ಗೋಡೆಯಾಚೆಯಿಂದ ನಕ್ಕರು. "ಯಾನ್ ಅಂಜ್ತೀರಿ ಬಾಯಿ? ನಮ್ ಕೂಸುಗೊಳು ಇದೇ ಸಪ್ಪಳದಾಗ ಮಲಕೊಂಡು ದೊಡ್ಡವಾಗ್ಯಾವ್. ಇದು ನಮ್ ಗಡಿಯಾರ."

ಕೋಣೆಗೆ ಹೋದರೆ ಕ್ಯಾರಿಯರ್ ಖಾಲಿ. ಕಿಟಕಿಗೆ ಜಾಳಿಗೆ ಇದೆ, ಬಾಗಿಲು ಹಾಕಿತ್ತು. ಆದರೂ ಬೆಕ್ಕಿಲ್ಲ. ಗೋಡೆಯ ಸಜ್ಜಾದ ಮೇಲೆ, ಹಿಂದಿನ ಬಾಡಿಗೆಯವರು ಬಿಟ್ಟುಹೋದ ಡಬ್ಬಗಳ ಹಿಂದೆ, ಕೈ ಎಟುಕದ ಆಳದಲ್ಲಿ, ಎರಡು ಹಳದಿ ಕಣ್ಣು ಕಂಡಾಗ ಮಧ್ಯಾಹ್ನ. ಕರೆದರೆ ಬರಲಿಲ್ಲ, ಎಳೆಯಬಾರದು ಅಂತ ಗೊತ್ತು. ಆದರೆ ಅದು ಬುಧವಾರ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಬೆಕ್ಕು ಎರಡು-ಮೂರು ದಿನ ಪೂರ್ತಿ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ಹೋಗಿ ಕೂರುತ್ತದೆ, ಜೀವಕ್ಕೆ ಕುತ್ತು, ಮನುಷ್ಯರ ಉಪವಾಸದಂತಲ್ಲ. ಮೊಟ್ಟೆ ಇಟ್ಟೆ, ಒಣಮೀನು ತಂದು ಸುಟ್ಟೆ. ಮಾಲಕರ ಮನೆಯವರೆಲ್ಲ ಕಿಟಕಿ ಹಾಕಿಕೊಂಡರು, ಬೆಕ್ಕು ಕದಲಲಿಲ್ಲ. ಬೆಳಿಗ್ಗೆಯವರೆಗೆ ನೋಡಿ ಡಾಕ್ಟರ ಹತ್ತಿರ ಒಯ್ಯುವುದು ಅಂತ ನಿಶ್ಚಯಿಸಿದೆ.

ಅವ್ವನೂ ಅಂದು ಸರಿಯಾಗಿ ಉಂಡಿರಲಿಲ್ಲ. ಹೋಟೆಲಿನ ಅನ್ನ ಮುಟ್ಟಿ ಬಿಟ್ಟಿದ್ದಳು. ರಾತ್ರಿ ಒಂಬತ್ತೂವರೆಗೆ ಎದ್ದು, ಇನ್ನೂ ಬಿಚ್ಚದ ಗಂಟುಗಳಲ್ಲಿ ಹಿಟ್ಟು ನಾದುವ ಕೊಣಮಿಗೆ ಹುಡುಕಿ, ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದಿದಳು. ಈ ಹೊತ್ತಿನಲ್ಲಿ ಯಾಕವ್ವ ಅಂದೆ. "ನನಗ ಹಸಿವ್ಯಾಗ್ಯಾದ," ಅಂದಳು.

ತಪ್ ತಪ್ ತಪ್. ಮೂರು ದಿನದ ಮೇಲೆ ಕೇಳಿದ ಸದ್ದು. ಅಂಗೈ ಬಡಿಯುತ್ತ, ರೊಟ್ಟಿ ತಿರುಗುತ್ತ, ಬಳೆ ಕಿಣಿಯುತ್ತ. ಎರಡನೇ ರೊಟ್ಟಿ ಹಂಚಿನ ಮೇಲೆ ಉಬ್ಬುವಾಗ ಒಳಗೆ ಡಬ್ಬವೊಂದು ಉರುಳಿತು. ನಾನು ತಿರುಗಿ ನೋಡಲಿಲ್ಲ. ಮೂರನೆಯದಕ್ಕೆ, ಮೀಸೆಗೆ ಜೇಡರಬಲೆ ಹಚ್ಚಿಕೊಂಡು, ಹೊಟ್ಟೆ ನೆಲಕ್ಕೆ ತಾಗಿಸಿ, ಗೋಡೆ ಗೋಡೆ ಹಿಡಿದು ಗುರೆಳ್ಳು ಬಂತು. ಯಾದಗಿರಿಯಲ್ಲಿ ಕೂರುತ್ತಿದ್ದಷ್ಟೇ ದೂರ, ಒಲೆಯಿಂದ ಎರಡು ಮೊಳಕ್ಕೆ ಕೂತಿತು. ಅವ್ವ ಕೈ ನಿಲ್ಲಿಸದೆ, ಬಿಸಿ ರೊಟ್ಟಿಯ ಅಂಚು ಮುರಿದು ಊದಿ ಮುಂದಿಟ್ಟಳು. ತಿಂದಿತು. ಆಮೇಲೆ ಮೊಟ್ಟೆಯನ್ನೂ ತಿಂದಿತು. ಅವ್ವ ಮೂರು ರೊಟ್ಟಿ ತಿಂದಳು. ಗುರ್ ಗುರ್ ಸದ್ದು ನಾನಿದ್ದ ಬಾಗಿಲಿಗೆ ಕೇಳುತ್ತಿತ್ತು.

ಆಮೇಲಿನ ದಿನಗಳು

ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ಬೀದರಿನ ನಂದಿನಗರದಲ್ಲಿ. ಎಮ್ಮೆಗಳ ಸಾಲಿನಲ್ಲಿ ಒಬ್ಬಂಟಿಯಾಗಿ ಬಂದವಳಿಗೆ ಇದೊಂದು ದೊಡ್ಡ ಧೈರ್ಯ. ಸೋಮವಾರ ತೋರಿಸಿದೆ. ಮೂರು ವಾರ ಹೊರಗೆ ಬಿಡಬೇಡಿ ಅಂದರು, ಹಾಲು ಬೆಳೆದ ಬೆಕ್ಕಿಗೆ ಅರಗುವುದಿಲ್ಲ ಅಂದರು. ಎರಡನೆಯದನ್ನು ಅವ್ವ ಕೇಳಿಸಿಕೊಳ್ಳಲಿಲ್ಲ.

ಗುರೆಳ್ಳು ದಿನಕ್ಕೊಂದು ಕೋಣೆ ಗೆದ್ದಿತು. ಬಾಗಿಲ ಚೌಕಟ್ಟು, ಗ್ಯಾಸ್ ಸಿಲಿಂಡರ್, ನನ್ನ ಪಾದ, ಎಲ್ಲಕ್ಕೂ ಕೆನ್ನೆ ಉಜ್ಜುವುದು. ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ, ಅದು ತನ್ನ ಹೆಸರು ಬರೆದಂತೆ. ನಾನು ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಅದು ಹಾಕಿ ಮುಗಿಸಿತ್ತು. ಓಣಿಯಲ್ಲಿ ಬಿದರಿ ಕೆಲಸ ಮಾಡುವವರೊಬ್ಬರಿದ್ದಾರೆ. ಸತು-ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸಿ, ಕೋಟೆಯೊಳಗಿನ ಮಣ್ಣು, ನವಸಾಗರ ಕುದಿಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳಗುತ್ತದೆ. ಅವರು ಕಿಟಕಿಯಲ್ಲಿ ಕೂತ ಗುರೆಳ್ಳನ್ನು, ಅದರ ಗದ್ದದ ಬಿಳಿಯನ್ನು ನೋಡಿ, "ಇದು ನಮ್ ಮಾಲ್ ಅದಾ, ಯಾದಗಿರಿದ್ ಅಲ್ಲ," ಅಂದರು. ಕರಿ ಬೆಕ್ಕಿಗೆ ಒಳ್ಳೆಯ ಮಾತು ಆಡಿದ ಮೊದಲ ಮನುಷ್ಯ ಅಂತ ಅವ್ವ ಅವರ ಮನೆಗೆ ಶೇಂಗಾ ಹಿಂಡಿ ಕಳಿಸಿದಳು. ಅಲ್ಲಿಂದ ಮಾವಿನಕಾಯಿ ಉಪ್ಪಿನಕಾಯಿ ಬಂತು. ಈಗ ದಿನಾ ಸಂಜೆ ಏನಾದರೊಂದು ಹೋಗುತ್ತದೆ, ಏನಾದರೊಂದು ಬರುತ್ತದೆ. ಗಾದಿ ಒಣಗಿ ಎಷ್ಟೋ ದಿನವಾಯಿತು, ಅವ್ವ ಕೌದಿ ಬಿಟ್ಟಿಲ್ಲ. ತೊಳೆದೂ ಇಲ್ಲ.

ಮೂರು ವಾರ ತುಂಬಿದ ಮೇಲೆ ಒಂದು ಬೆಳಿಗ್ಗೆ, ತಿನ್ನಲು ಕೊಡುವ ಮೊದಲು, ಬಾಗಿಲು ತೆರೆದೆ. ಹೊಟ್ಟೆ ಖಾಲಿ ಇದ್ದರೆ ದೂರ ಹೋಗುವುದಿಲ್ಲ. ಗುರೆಳ್ಳು ಹೊಸ್ತಿಲ ಮೇಲೆ ಐದು ನಿಮಿಷ ಕೂತು, ತುಳಸಿ ಕುಂಡ ಮೂಸಿ, ಅಂಗಳದ ಕೆಂಪು ಕಲ್ಲಿನ ಕಟ್ಟೆ ಹತ್ತಿತು. ಅಷ್ಟರಲ್ಲಿ ಜೆಟ್ ಬಂತು. ಕರಿ ಗೆರೆಯೊಂದು ನನ್ನ ಕಾಲ ಮೇಲಿಂದಲೇ ಒಳಗೆ ಹೋಗಿ ಕೌದಿಯಲ್ಲಿ ಸೇರಿಕೊಂಡಿತು.

ಅಡುಗೆಮನೆಯಲ್ಲಿ ತಪ್ ತಪ್ ನಿಲ್ಲಲಿಲ್ಲ.

"ಬಂತೇನು?"

"ಬಂತವ್ವ."

"ಬಾಗಿಲ ಹಾಕಬ್ಯಾಡ. ಮತ್ತ ಹೋಗ್ತದ."